ಕೊಡಗಿನ ಮನೆಗೆ ನಾಯಿಯೋ, ಬೆಕ್ಕೋ? ಮಳೆಗಾಲ ನೆನೆದು ತೀರ್ಮಾನಿಸಿ

ನಾಯಿಗೆ ನಿಯತ್ತು ಜಾಸ್ತಿ, ಬೆಕ್ಕಿಗೆ ಸ್ವಾರ್ಥ ಜಾಸ್ತಿ ಅನ್ನುವ ಮಾತನ್ನು ಎಲ್ಲರೂ ಕೇಳಿರುತ್ತೀರಿ. ಯಾವುದನ್ನು ಸಾಕಬೇಕು ಅಂತ ಯೋಚಿಸುವಾಗ ಈ ಮಾತು ಮೂರು ಕಾಸಿನ ಉಪಯೋಗಕ್ಕೂ ಬರುವುದಿಲ್ಲ. ಕೊಡಗಿನಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆಯೇ ಬೇರೆ. ಜುಲೈ ತಿಂಗಳು. ನಾಲ್ಕು ದಿನದಿಂದ ಮಳೆ ಬಿಟ್ಟಿಲ್ಲ. ಕರೆಂಟೂ ಇಲ್ಲ. ಬೆಳಿಗ್ಗೆ ಆರು ಗಂಟೆಗೆ ಛತ್ರಿ ಹಿಡಿದು ಈ ಪ್ರಾಣಿಯ ಹಿಂದೆ ಹೋಗುವವರು ಯಾರು? ಡಿಸೆಂಬರ್ ಬಿಸಿಲಿನಲ್ಲಿ ಮರಿ ನೋಡಿ ಮನಸ್ಸು ಕರಗುವುದು ಸುಲಭ. ತೀರ್ಮಾನವನ್ನು ಮಾತ್ರ ಜುಲೈ ನೆನೆದುಕೊಂಡೇ ಮಾಡಿ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ನೋಡಿ. ಎಷ್ಟೋ ಜನರಿಗೆ ಮೊದಲ ಎರಡರಲ್ಲೇ ಉತ್ತರ ಸಿಕ್ಕಿಬಿಡುತ್ತದೆ.

ಹಂತ 1: ಮನೆಯಲ್ಲಿ ಯಾರಿರುತ್ತಾರೆ?

ಮಡಿಕೇರಿ ಅಥವಾ ವಿರಾಜಪೇಟೆ ಪೇಟೆಯೊಳಗೆ ಮನೆ, ಇಬ್ಬರೂ ಕೆಲಸಕ್ಕೆ ಹೋಗುವವರು, ಸಂಜೆವರೆಗೆ ಮನೆಗೆ ಬೀಗ ಅಂತಾದರೆ ಹೆಚ್ಚು ಯೋಚಿಸಬೇಡಿ, ಬೆಕ್ಕು ತನ್ನಿ. ದೊಡ್ಡ ಬೆಕ್ಕು ದಿನಕ್ಕೆ 12ರಿಂದ 16 ಗಂಟೆ ನಿದ್ದೆ ಮಾಡುತ್ತದೆ. ನೀವು ಇಲ್ಲದ ಹೊತ್ತನ್ನು ಅದು ಮಲಗಿಯೇ ಕಳೆಯುತ್ತದೆ. ನಾಯಿಗೆ ಹಾಗಾಗುವುದಿಲ್ಲ. ಒಂಟಿಯಾಗಿ ಬಿಟ್ಟ ನಾಯಿ ಊಳಿಡುತ್ತದೆ, ಚಪ್ಪಲಿ ಕಡಿಯುತ್ತದೆ, ಬಾಗಿಲು ಕೆರೆಯುತ್ತದೆ. ಆಮೇಲೆ ಪಕ್ಕದ ಮನೆಯವರ ಜೊತೆ ಜಗಳ.

ವಯಸ್ಸಾದವರು ಇಬ್ಬರೇ ಇರುವ ತೋಟದ ಮನೆಗಳು ಕೊಡಗಿನಲ್ಲಿ ಬಹಳ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ. ಅಪ್ಪ ಅಮ್ಮನಿಗೆ ಜೊತೆಯಾಗಲಿ ಅಂತ ಒಂದು ಲ್ಯಾಬ್ರಡಾರ್ ಮರಿ ತಂದುಕೊಟ್ಟು ಹೋಗುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ಅದೇ ಮರಿ ಒಂದು ವರ್ಷದಲ್ಲಿ 30 ಕಿಲೋ ತೂಗುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಅದು ಒಮ್ಮೆ ಹಗ್ಗ ಜಗ್ಗಿದರೆ ಎಪ್ಪತ್ತು ದಾಟಿದವರ ಸೊಂಟದ ಮೂಳೆ ಗತಿ ಏನು? ಇಂಥ ಮನೆಗೆ ಮೂರು ನಾಲ್ಕು ವರ್ಷ ವಯಸ್ಸಿನ, ಶಾಂತ ಸ್ವಭಾವದ ಊರ ನಾಯಿ ಸರಿಯಾದ ಆಯ್ಕೆ. ಅದಕ್ಕೆ ಕಲಿಸುವ ಕೆಲಸವೂ ಕಡಿಮೆ. ಯಾರಾದರೂ ಗೇಟಿಗೆ ಬಂದರೆ ಬೊಗಳಿ ತಿಳಿಸುತ್ತದೆ. ಆ ಒಂದು ಕೆಲಸ ಬೆಕ್ಕಿನಿಂದ ಆಗುವುದಿಲ್ಲ.

ಹೋಂಸ್ಟೇ ನಡೆಸುವವರು ಇನ್ನೊಂದು ವಿಷಯ ನೋಡಬೇಕು. ವಾರವಾರವೂ ಹೊಸ ಮುಖ, ಹೊಸ ಮಕ್ಕಳು, ರಾತ್ರಿ ಗದ್ದಲ. ಇದನ್ನು ಸಹಿಸುವ ನಾಯಿ ಬೇಕು, ಇಲ್ಲವೇ ಅತಿಥಿಗಳು ಇದ್ದಾಗ ಅದಕ್ಕೆ ಬೇರೆ ಜಾಗ ಬೇಕು. ಬೆಕ್ಕಾದರೆ ಅಲರ್ಜಿಯ ಪ್ರಶ್ನೆ ಬರುತ್ತದೆ. ಅಲರ್ಜಿ ತರುವುದು ಬೆಕ್ಕಿನ ಕೂದಲಲ್ಲ, ಅದರ ಜೊಲ್ಲು ಮತ್ತು ಚರ್ಮದಲ್ಲಿರುವ ಪ್ರೋಟೀನ್. ಮೈ ನೆಕ್ಕಿಕೊಂಡಾಗ ಅದು ಕೂದಲಿಗೆ ಅಂಟುತ್ತದೆ, ಅಲ್ಲಿಂದ ಹಾಸಿಗೆ, ಪರದೆಗೆ ಸೇರುತ್ತದೆ. ಹಾಗಾಗಿ ಅತಿಥಿಗಳ ಕೋಣೆಗೆ ಬೆಕ್ಕನ್ನು ಬಿಡಲೇಬೇಡಿ. ನಿಮ್ಮ ಮನೆಯವರಿಗೇ ಅಲರ್ಜಿ ಇದೆಯಾ ಅಂತ ತಿಳಿಯಲು, ಬೆಕ್ಕಿರುವ ನೆಂಟರ ಮನೆಯಲ್ಲಿ ಎರಡು ಮೂರು ಬಾರಿ ಹೋಗಿ ಕೂತು ಬನ್ನಿ.

ವಾರಾಂತ್ಯಕ್ಕೆ ಮಾತ್ರ ತೋಟಕ್ಕೆ ಬರುವವರಿಗೆ ನನ್ನ ಸಲಹೆ ಒಂದೇ. ಎರಡೂ ಬೇಡ. "ರೈಟರ್ ನೋಡ್ಕೊಳ್ತಾರೆ" ಅಂತ ತೋಟದ ಮೇಲ್ವಿಚಾರಕರಿಗೆ ಒಪ್ಪಿಸಿ ಹೋಗುವುದು ಸಾಕುವುದಲ್ಲ. ರೈಟರ್ ಮನೆಯವರಿಗೇ ನಾಯಿ ಇಷ್ಟವಿದ್ದರೆ ಅದು ಅವರ ನಾಯಿಯಾಗಿರಲಿ. ನೀವು ಲಸಿಕೆ, ಔಷಧದ ಖರ್ಚು ಕೊಡಿ.

ಹಂತ 2: ಮನೆಯ ಸುತ್ತ ಒಮ್ಮೆ ನಡೆದು ನೋಡಿ

ಇದು ಎಲ್ಲಕ್ಕಿಂತ ಮುಖ್ಯ. ಮೈಸೂರಿನಲ್ಲೋ ಮಂಗಳೂರಿನಲ್ಲೋ ನಾಯಿ ಸಾಕಿದ ಅನುಭವ ಇಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ.

ಮೊದಲು ಚಿರತೆ. ತೋಟದಂಚಿನ ಮನೆಯಲ್ಲಿ ನಾಯಿಯಿದ್ದರೆ ಧೈರ್ಯ ಅನ್ನುತ್ತೇವೆ. ಚಿರತೆಗೆ ಮಾತ್ರ ನಾಯಿ ಅಂದರೆ ಸುಲಭದ ಊಟ. ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದ ನಾಯಿಗೆ ಓಡಲೂ ಆಗದು, ಕಾದಾಡಲೂ ಆಗದು. ಕತ್ತಲಾದ ಮೇಲೆ ನಾಯಿ ಮನೆಯೊಳಗೇ ಇರಲಿ. ಇಲ್ಲವಾದರೆ ನಾಲ್ಕೂ ಕಡೆ ಮತ್ತು ಮೇಲೆಯೂ ಗಟ್ಟಿ ಕಬ್ಬಿಣದ ಜಾಲರಿ ಹಾಕಿದ ಗೂಡು ಮಾಡಿಸಿ. ಕಾವಲು ಕಾಯಲು ನಾಯಿ ಹೊರಗೇ ಇರಬೇಕು ಅನ್ನುವವರಿದ್ದಾರೆ. ಒಳಗೆ ಮಲಗಿದ ನಾಯಿಯೂ ಬೊಗಳುತ್ತದೆ ಅಲ್ವಾ? ನಮಗೆ ಬೇಕಾದ್ದು ಆ ಬೊಗಳುವಿಕೆ ಮಾತ್ರ. ಬೆಕ್ಕನ್ನೂ ರಾತ್ರಿ ಒಳಗೇ ಸೇರಿಸಿ.

ಆಮೇಲೆ ಆನೆ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆಯವರಿಗೆ ಇದನ್ನು ಹೇಳಬೇಕಿಲ್ಲ. ನಾಯಿ ಆನೆಯನ್ನು ಕಂಡರೆ ಬೊಗಳಿ ಕೆಣಕುತ್ತದೆ. ಆನೆ ತಿರುಗಿ ಅಟ್ಟಿಸಿಕೊಂಡು ಬಂದರೆ ಹೆದರಿ ಓಡುತ್ತದೆ. ಎಲ್ಲಿಗೆ? ಯಜಮಾನನ ಹತ್ತಿರಕ್ಕೇ. ಆನೆಯೂ ಹಿಂದೆಯೇ ಬರುತ್ತದೆ. ಆನೆ ಓಡಾಡುವ ಕಡೆ ಬೆಳಗಿನ ಜಾವ ತೋಟದ ದಾರಿಯಲ್ಲಿ ನಾಯಿಯನ್ನು ಬಿಟ್ಟುಕೊಂಡು ವಾಕಿಂಗ್ ಹೋಗಬೇಡಿ. ಮನೆ ಕಾಂಪೌಂಡಿನೊಳಗೇ ಓಡಾಡಿಸಿ. ಅಷ್ಟು ಜಾಗವಿಲ್ಲ, ದಾರಿಯಲ್ಲಿ ಆನೆ ಕಾಟ ಇದೆ ಅಂತಾದರೆ ಬೆಕ್ಕೇ ವಾಸಿ.

ಹಾವಿನ ವಿಷಯದಲ್ಲಿ ಎರಡೂ ಪ್ರಾಣಿಗಳಿಗೆ ಅಪಾಯವಿದೆ. ನಾಯಿ ಮೂತಿ ಮುಂದೆ ಚಾಚಿ ಹಾವನ್ನು ಮೂಸುತ್ತದೆ, ಅಲ್ಲೇ ಕಚ್ಚಿಸಿಕೊಳ್ಳುತ್ತದೆ. ಮೂತಿ ಅಥವಾ ಮುಂಗಾಲು ಇದ್ದಕ್ಕಿದ್ದಂತೆ ಊದಿಕೊಂಡರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಮನುಷ್ಯರಿಗೆ ಕೊಡುವ ಹಾವಿನ ವಿಷದ ಪ್ರತಿವಿಷವನ್ನೇ ನಾಯಿಗೂ ಕೊಡುತ್ತಾರೆ. ಹತ್ತಿರದ ಯಾವ ಪಶುವೈದ್ಯರಲ್ಲಿ ಅದು ಸಿಗುತ್ತದೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಬೆಕ್ಕು ಹಾವಿನ ಜೊತೆ ಚುರುಕಾಗಿಯೇ ಆಡುತ್ತದೆ. ಕಷ್ಟ ಏನೆಂದರೆ, ಅರ್ಧ ಸತ್ತ ಹಾವನ್ನು ಕಚ್ಚಿಕೊಂಡು ಬಂದು ಅಡುಗೆಮನೆಯಲ್ಲಿ ಬಿಡುವುದೂ ಉಂಟು.

ಕಾಡುಪ್ರಾಣಿಗಿಂತ ಜಾಸ್ತಿ ಹೆದರಬೇಕಾದ್ದು ನಾವೇ ಇಟ್ಟ ವಿಷಕ್ಕೆ. ಶನಿವಾರಸಂತೆ ಕಡೆ ಆಫ್ರಿಕನ್ ಬಸವನಹುಳುವಿನ ಕಾಟಕ್ಕೆ ಮೆಟಾಲ್ಡಿಹೈಡ್ ಗುಳಿಗೆ ಹಾಕುತ್ತಾರೆ. ತೌಡು, ಬೆಲ್ಲಕ್ಕೆ ವಿಷ ಬೆರೆಸಿ ಇಡುವುದೂ ಇದೆ. ಬೆಲ್ಲದ ವಾಸನೆಗೆ ನಾಯಿ ಬಾರದೇ ಇರುತ್ತದಾ? ತಿಂದರೆ ನಡುಕ, ಫಿಟ್ಸ್, ಹೆಚ್ಚು ಸಮಯ ಸಿಗುವುದಿಲ್ಲ. ಇಲಿ ಪಾಷಾಣದ ಕಥೆಯೂ ಹೀಗೇ. ಪಾಷಾಣ ತಿಂದು ಸತ್ತ ಇಲಿಯನ್ನು ತಿಂದ ಬೆಕ್ಕೂ ಸಾಯಬಹುದು. ಇಲಿಗೆ ಬೆಕ್ಕು ತಂದ ಮೇಲೆ ಪಾಷಾಣ ಬಿಟ್ಟುಬಿಡಿ. ಎರಡೂ ಒಟ್ಟಿಗೆ ನಡೆಯುವುದಿಲ್ಲ. ಕಾಫಿ, ಕರಿಮೆಣಸಿಗೆ ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣ ಬೆರೆಸಿದ ಔಷಧ) ಹೊಡೆಯುವ ದಿನ ಇಬ್ಬರನ್ನೂ ಮನೆಯೊಳಗೆ ಹಾಕಿ. ಡ್ರಮ್ಮಿನಲ್ಲಿ ಉಳಿದ ನೀರು ಅವುಗಳ ಬಾಯಿಗೆ ಸಿಗಬಾರದು.

ಹಂತ 3: ನಿಮಗೆ ಬೇಕಾದ ಕೆಲಸ ಯಾವುದು?

ಭತ್ತ ತುಂಬಿದ ಪತ್ತಾಯ, ಅಟ್ಟದ ಮೇಲೆ ಏಲಕ್ಕಿ, ಕರಿಮೆಣಸು, ಗೋಣಿಚೀಲ. ಇಂಥ ಮನೆಗೆ ಬೆಕ್ಕಿಲ್ಲದೆ ಆಗದು. ಮನುಷ್ಯ ಧಾನ್ಯ ಕೂಡಿಡಲು ಶುರುಮಾಡಿದ ಮೇಲೆ, ಇಲಿಯ ಹಿಂದೆ ತಾನಾಗಿಯೇ ಊರಿಗೆ ಬಂದ ಪ್ರಾಣಿ ಅದು. ಇಲಿ ಕಡಿಮೆಯಾದರೆ ಇಲಿಯನ್ನು ಹುಡುಕಿಕೊಂಡು ಬರುವ ಹಾವೂ ಕಡಿಮೆಯಾಗುತ್ತದೆ. ಆದರೆ ದೊಡ್ಡ ಹೆಗ್ಗಣದ ತಂಟೆಗೆ ಎಷ್ಟೋ ಬೆಕ್ಕುಗಳು ಹೋಗುವುದಿಲ್ಲ. ಅದಕ್ಕೆ ಬೋನು ಇಡಿ. ಇನ್ನೊಂದು ಮಾತು. ಹಸಿದ ಬೆಕ್ಕು ಚೆನ್ನಾಗಿ ಇಲಿ ಹಿಡಿಯುತ್ತದೆ ಅಂತ ಊಟ ಕಡಿಮೆ ಮಾಡುವವರಿದ್ದಾರೆ. ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯಾಡುತ್ತದೆ. ಅದು ಅದರ ಹುಟ್ಟುಗುಣ. ಹಸಿದ ಬೆಕ್ಕು ಬೇಟೆ ಹುಡುಕಿಕೊಂಡು ಪಕ್ಕದ ಲೈನ್ ಮನೆಗೆ (ತೋಟದ ಕಾರ್ಮಿಕರ ಸಾಲುಮನೆ) ಹೋಗುತ್ತದೆ, ಅಷ್ಟೇ. ಅದೇ ಹುಟ್ಟುಗುಣಕ್ಕೆ ತೋಟದ ಹಕ್ಕಿಗಳೂ ಬಲಿಯಾಗುತ್ತವೆ. ಮುಂಜಾನೆ ಮತ್ತು ಸಂಜೆ ಬೆಕ್ಕನ್ನು ಒಳಗಿಟ್ಟರೆ ಅವು ಒಂದಷ್ಟು ಉಳಿಯುತ್ತವೆ.

ಕಾಫಿ ಒಣಗಿಸುವ ಕಣದ ವಿಷಯ ಹೇಳಲೇಬೇಕು. ಸಡಿಲವಾಗಿ ಹರಡಿದ ಕಾಫಿ ಬೆಕ್ಕಿಗೆ ಕಕ್ಕಸಿನ ಮಣ್ಣಿನ ಹಾಗೆಯೇ ಕಾಣುತ್ತದೆ. ಕಣದ ಹತ್ತಿರ ಮನೆಯಿದ್ದರೆ, ಮೊದಲ ದಿನದಿಂದಲೇ ಮೂಲೆಯಲ್ಲಿ ಒಂದು ಟ್ರೇಗೆ ಮರಳೋ ಮರದ ಹೊಟ್ಟೋ ತುಂಬಿಟ್ಟು ಅಲ್ಲೇ ರೂಢಿ ಮಾಡಿಸಿ. ನಾಯಿಗೆ ಆ ಚಟವಿಲ್ಲ. ಅದು ಕಾಫಿ ರಾಶಿಯ ಮೇಲೆ ಬಿಸಿಲು ಕಾಯುತ್ತಾ ಮಲಗುತ್ತದೆ, ಅಷ್ಟೇ.

ಕಾವಲಿಗೆ, ಜೊತೆಗೆ ನಡೆಯಲಿಕ್ಕೆ, ಮಕ್ಕಳ ಜೊತೆ ಕುಣಿಯಲಿಕ್ಕೆ ನಾಯಿಯೇ ಸರಿ. ಹಂದಿ ಬೇಟೆಗೆ ನಾಯಿ ಅನ್ನುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅದು ಅಪರಾಧ. ನಾಯಿಯ ಹೊಟ್ಟೆ ಸೀಳಿಸಿಕೊಂಡು ಬರುವುದೂ ಆಗಬಾರದು.

ಹಂತ 4: ಮಳೆಗಾಲದ ಕೆಲಸ ಲೆಕ್ಕ ಹಾಕಿ

ಕುಶಾಲನಗರದ ಮಳೆಯೇ ಬೇರೆ, ಭಾಗಮಂಡಲದ ಮಳೆಯೇ ಬೇರೆ. ನಿಮ್ಮ ಊರಿನ ಮಳೆಗೆ ತಕ್ಕ ಹಾಗೆ ಇದನ್ನು ಓದಿಕೊಳ್ಳಿ.

ನಾಯಿ ದಿನಕ್ಕೆ ಮೂರು ಸಲವಾದರೂ ಹೊರಗೆ ಹೋಗಬೇಕು. ಪ್ರತಿ ಸಲವೂ ಒದ್ದೆಯಾಗಿ ಬರುತ್ತದೆ. ಬೆರಳ ಸಂದು, ಕಿವಿಯ ಒಳಮಡಿಕೆ, ತೊಡೆ ಸಂದು ನೋಡಿ ಜಿಗಣೆ ತೆಗೆಯಬೇಕು. ಕಿತ್ತು ಎಳೆಯಬೇಡಿ, ಸ್ವಲ್ಪ ಉಪ್ಪು ಮುಟ್ಟಿಸಿ, ತಾನೇ ಬಿಡುತ್ತದೆ. ತೋಡಿನ ನೀರು ಕುಡಿದು ಬಂದ ನಾಯಿಗೆ ಕೆಲವು ದಿನ ಬಿಟ್ಟು ಒಂದೇ ಹೊಳ್ಳೆಯಿಂದ ರಕ್ತ ಸೋರಿದರೆ, ಮೂಗಿನೊಳಗೆ ಜಿಗಣೆ ಸೇರಿರಬಹುದು. ವೈದ್ಯರಿಗೆ ತೋರಿಸಿ. ಮೈ ಒರೆಸಿದರೆ ಸಾಲದು, ಬುಡದವರೆಗೆ ಒಣಗಬೇಕು. ಬಚ್ಚಲು ಒಲೆಯ ಪಕ್ಕ ಒಂದು ಗೋಣಿ ಹಾಸಿದರೆ ಅದೇ ಹೋಗಿ ಮಲಗುತ್ತದೆ. ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್‌ನಂಥ ದಟ್ಟ ಕೂದಲಿನ ನಾಯಿಗಳಿಗೆ ಈ ತೇವದಲ್ಲಿ ಚರ್ಮದ ಕಾಯಿಲೆ, ಕಿವಿ ಸೋರುವುದು ತಪ್ಪುವುದೇ ಕಷ್ಟ. ಊರ ನಾಯಿಯ ಮೋಟು ಕೂದಲು ಅರ್ಧ ಗಂಟೆಯಲ್ಲಿ ಒಣಗುತ್ತದೆ. ಹಣ ಕೊಟ್ಟು ತರುವ ಮೊದಲು ಇದನ್ನು ಯೋಚಿಸಿ.

ಬೆಕ್ಕಿಗೆ ಈ ಯಾವ ಗೋಳೂ ಇಲ್ಲ. ಮಳೆ ಬಂದರೆ ಒಲೆ ಬುಡ ಬಿಟ್ಟು ಏಳುವುದಿಲ್ಲ. ಟ್ರೇ ದಿನವೂ ಶುಚಿ ಮಾಡಬೇಕು, ಅಷ್ಟೇ. ಮನೆಯಲ್ಲಿ ಬಸುರಿ ಇದ್ದರೆ ಆ ಕೆಲಸ ಬೇರೆಯವರು ಮಾಡಲಿ. ಟಾಕ್ಸೊಪ್ಲಾಸ್ಮಾ ಅನ್ನುವ ಪರಾವಲಂಬಿ ಬೆಕ್ಕಿನ ಮಲದಲ್ಲಿ ಇರಬಹುದು. ಅದು ಹರಡುವ ಸ್ಥಿತಿಗೆ ಬರಲು ಒಂದು ದಿನವಾದರೂ ಬೇಕು, ಹಾಗಾಗಿ ದಿನವೂ ತೆಗೆದರೆ ಅಪಾಯ ಬಹಳ ಕಡಿಮೆ. ಬಸುರಿ ಇರುವ ಮನೆಯಿಂದ ಬೆಕ್ಕನ್ನು ಓಡಿಸಬೇಕಿಲ್ಲ. ಪರ್ಷಿಯನ್ ಬೆಕ್ಕು ಮಾತ್ರ ಬೇಡ. ಮಳೆಗಾಲದ ತೇವಕ್ಕೆ ಅದರ ಕೂದಲು ಗಂಟು ಕಟ್ಟುತ್ತದೆ, ದಿನವೂ ಬಾಚುವ ತಾಳ್ಮೆ ಎಷ್ಟು ಜನರಿಗಿದೆ?

ಗುಡ್ಡದ ಬದಿಯ ಮನೆಯವರು ಇನ್ನೊಂದನ್ನು ಯೋಚಿಸಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದಾಗ ಜನ ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟರು. ಅಂಥ ಹೊತ್ತಿನಲ್ಲಿ ನಾಯಿ ಕರೆದರೆ ಜೊತೆಗೆ ಬರುತ್ತದೆ. ಬೆಕ್ಕು ಹೆದರಿದರೆ ಅಟ್ಟ ಸೇರುತ್ತದೆ, ಕೈಗೆ ಸಿಗುವುದೇ ಇಲ್ಲ. ಆದ್ದರಿಂದ ಎಚ್ಚರಿಕೆ ಕೊಟ್ಟ ಕೂಡಲೇ ಬೆಕ್ಕನ್ನು ಒಂದು ಕೋಣೆಯಲ್ಲಿ ಕೂಡಿ ಹಾಕಿ. ಮುಚ್ಚಳವಿರುವ ಬುಟ್ಟಿಯನ್ನು ಮೇ ತಿಂಗಳಲ್ಲೇ ಹೊರಗೆ ತೆಗೆದಿಟ್ಟು ಅದರಲ್ಲಿ ಮಲಗುವ ಅಭ್ಯಾಸ ಮಾಡಿಸಿ. ಜೊತೆಗೆ ಕರೆದೊಯ್ಯಲು ಆಗದೇ ಹೋದರೆ ಸರಪಳಿಯಾದರೂ ಬಿಚ್ಚಿ, ಕೊಟ್ಟಿಗೆಯ ಬಾಗಿಲಾದರೂ ತೆರೆದಿಡಿ.

ಹಂತ 5: ಊಟ

ಖರ್ಚಿನಲ್ಲಿ ಎರಡಕ್ಕೂ ಬಹಳ ವ್ಯತ್ಯಾಸವಿದೆ. 30 ಕಿಲೋ ನಾಯಿಗೆ ಡ್ರೈ ಫುಡ್ ಮಾತ್ರ ಹಾಕಿದರೆ ತಿಂಗಳಿಗೆ ಸುಮಾರು 10 ಕಿಲೋ ಬೇಕು. 4 ಕಿಲೋ ಬೆಕ್ಕಿಗೆ 2 ಕಿಲೋ ಸಾಕು. ಜಂತುಹುಳು, ಉಣ್ಣಿಯ ಔಷಧವೂ ತೂಕದ ಮೇಲೇ, ಹಾಗಾಗಿ ಅಲ್ಲೂ ನಾಯಿಗೇ ಜಾಸ್ತಿ.

ಮನೆ ಊಟ ಹಾಕುವವರು ಒಂದು ವ್ಯತ್ಯಾಸ ತಿಳಿದಿರಬೇಕು. ನಾಯಿ ಅನ್ನ, ಮೊಟ್ಟೆ, ಕೋಳಿ, ತರಕಾರಿ ಸೇರಿಸಿದ ಊಟದಲ್ಲಿ ಚೆನ್ನಾಗಿರುತ್ತದೆ. ಬೆಕ್ಕು ಅಪ್ಪಟ ಮಾಂಸಾಹಾರಿ. ಟಾರಿನ್ ಅನ್ನುವ ಅಂಶ ಮಾಂಸ, ಮೀನಿನಿಂದಲೇ ಸಿಗಬೇಕು. ಅದು ಸಿಗದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಬರೀ ಹಾಲು ಅನ್ನದಲ್ಲಿ ಬೆಕ್ಕು ಸಾಕಬಹುದು ಅನ್ನುವುದು ತಪ್ಪು. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವೂ ಆಗುವುದಿಲ್ಲ, ಭೇದಿಯಾಗುತ್ತದೆ.

ಪಂದಿಕರಿ (ಹಂದಿಮಾಂಸದ ಸಾರು) ಮಾಡಿದ ದಿನ ತಟ್ಟೆಯ ಮೂಳೆಯನ್ನು ನಾಯಿಗೆ ಎಸೆಯುವುದು ನಮ್ಮಲ್ಲಿ ರೂಢಿ. ಬೇಯಿಸಿದ ಮೂಳೆ ಚೂಪಾಗಿ ಸೀಳುತ್ತದೆ, ಕರುಳು ಚುಚ್ಚುತ್ತದೆ. ಖಾರ, ಈರುಳ್ಳಿ, ಬೆಳ್ಳುಳ್ಳಿಯೂ ಇಬ್ಬರಿಗೂ ಆಗದು. ಮಸಾಲೆ ಹಾಕುವ ಮೊದಲು ನಾಲ್ಕು ತುಂಡು ಬೇರೆ ಬೇಯಿಸಿಟ್ಟರೆ ಮುಗಿಯಿತು. ಮಡಿಕೇರಿಯ ಹೋಂಮೇಡ್ ಚಾಕೊಲೇಟ್, ದ್ರಾಕ್ಷಿ, ಕಾಫಿ ಪುಡಿ, ಕಾಫಿ ಚರಟ ಇವೆಲ್ಲ ನಾಯಿಗೆ ವಿಷ. ಕೊಡಗಿನ ಮನೆಯಲ್ಲಿ ಇವು ಯಾವಾಗಲೂ ಕೈಗೆಟುಕುವ ಜಾಗದಲ್ಲೇ ಇರುತ್ತವೆ ಅನ್ನುವುದೇ ತೊಂದರೆ.

ಹಂತ 6: ಯಾವಾಗ ತರಬೇಕು?

ಊರ ನಾಯಿಗಳು ಹೆಚ್ಚಾಗಿ ಮಳೆ ಮುಗಿದ ಮೇಲೆ, ಚಳಿಗಾಲದಲ್ಲಿ ಮರಿ ಹಾಕುತ್ತವೆ. ಡಿಸೆಂಬರ್, ಜನವರಿಯಲ್ಲಿ ಎಂಟು ವಾರದ ಮರಿ ತಂದರೆ ಮಳೆಗೆ ಮೊದಲು ಲಸಿಕೆಯೆಲ್ಲ ಮುಗಿದಿರುತ್ತದೆ. ಇನ್ನೊಂದು ಲಾಭವಿದೆ. ನಾಯಿಮರಿ ಮೂರರಿಂದ ಹದಿನಾಲ್ಕು ವಾರದೊಳಗೆ ಕಂಡದ್ದನ್ನೆಲ್ಲ ಸಹಜ ಅಂತ ಒಪ್ಪಿಕೊಳ್ಳುತ್ತದೆ. ಆಗ ತೋಟದಲ್ಲಿ ಕಾಫಿ ಕುಯ್ಲು, ಜನವೋ ಜನ, ಜೀಪು, ಟ್ರ್ಯಾಕ್ಟರ್. ಇದನ್ನೆಲ್ಲ ನೋಡಿ ಬೆಳೆದ ನಾಯಿ ಮುಂದೆ ಕಂಡಕಂಡವರ ಮೇಲೆ ಎರಗುವುದಿಲ್ಲ. ಲಸಿಕೆ ಮುಗಿಯುವವರೆಗೆ ಜಗಲಿಯಲ್ಲಿ ಕೂರಿಸಿ ತೋರಿಸಿ, ನೆಲಕ್ಕೆ ಬಿಡಬೇಡಿ. ಜೂನ್, ಜುಲೈಯಲ್ಲಿ ಮರಿ ತಂದರೆ ಅದು ಮಳೆ ಮತ್ತು ಮನೆಯವರನ್ನು ಬಿಟ್ಟು ಬೇರೇನೂ ನೋಡದೆ ಬೆಳೆಯುತ್ತದೆ.

ಬೆಕ್ಕಿನ ಮರಿಗಳು ಬೇಸಿಗೆಯಲ್ಲಿ ಬೇಕಾದಷ್ಟು ಸಿಗುತ್ತವೆ. ಕಣ್ಣು ಬಿಟ್ಟ ಕೂಡಲೇ ಚೀಲದಲ್ಲಿ ತುಂಬಿಕೊಂಡು ಬರಬೇಡಿ. ಎಂಟು ವಾರವಾದರೂ ತಾಯಿ ಹತ್ತಿರ ಇರಬೇಕು. ಇಲಿ ಹಿಡಿಯುವ ತಾಯಿಯ ಮರಿ ಸಿಕ್ಕಿದರೆ ಇನ್ನೂ ಒಳ್ಳೆಯದು, ಕೆಲಸ ಅಲ್ಲೇ ಕಲಿತಿರುತ್ತದೆ.

ಹಂತ 7: ಲಸಿಕೆ, ಆಪರೇಷನ್

ನಾಯಿಮರಿಗೆ ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರದವರೆಗೆ. ಪಾರ್ವೊ, ಡಿಸ್ಟೆಂಪರ್ ಅನ್ನುವ ಕಾಯಿಲೆಗಳನ್ನು ತಡೆಯುವ ಲಸಿಕೆಯೂ ಇದರಲ್ಲೇ ಸೇರಿದೆ. ಬೆಕ್ಕಿನ ಮರಿಗೆ ಎಂಟು ವಾರಕ್ಕೆ ಶುರು. ರೇಬಿಸ್ ಲಸಿಕೆ ಇಬ್ಬರಿಗೂ ಮೂರು ತಿಂಗಳಿಗೆ, ಆಮೇಲೆ ವರ್ಷ ವರ್ಷ. ಬೆಕ್ಕಿಗೆ ರೇಬಿಸ್ ಬರುವುದಿಲ್ಲ ಅನ್ನುವ ನಂಬಿಕೆ ಬಿಡಿ, ಖಂಡಿತ ಬರುತ್ತದೆ. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಸುಮಾರಿಗೆ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಶಿಬಿರ ನಡೆಯುವುದುಂಟು, ವಿಚಾರಿಸಿ. ಯಾವ ನಾಯಿ ಬೆಕ್ಕು ಕಚ್ಚಿದರೂ, ಪರಚಿದರೂ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ.

ನಾಯಿಗೆ ಇಲಿ ಜ್ವರದ ಲಸಿಕೆ ವರ್ಷಕ್ಕೊಮ್ಮೆ ಬೇಕು. ಆ ದಿನಾಂಕವನ್ನು ಮೇ ತಿಂಗಳಿಗೆ ತಂದುಕೊಳ್ಳಿ. ಇಲಿಯ ಮೂತ್ರ ಬೆರೆತ ನೀರು ನಿಲ್ಲುವುದೇ ಮಳೆಗಾಲದಲ್ಲಿ. ಇನ್ನು ನಾಯಿಯ ಉಣ್ಣಿಗೆ ತಂದ ಔಷಧವನ್ನು ಬೆಕ್ಕಿಗೆ ಹಚ್ಚಲೇಬೇಡಿ. ಅದರಲ್ಲಿ ಪರ್ಮೆತ್ರಿನ್ ಇದ್ದರೆ ಬೆಕ್ಕು ಸಾಯುತ್ತದೆ. ಜ್ವರಕ್ಕೆ ಅಂತ ಪ್ಯಾರಾಸಿಟಮಾಲ್ ಕೊಟ್ಟರೂ ಅಷ್ಟೇ.

ಬೆಕ್ಕು ನಾಲ್ಕೈದು ತಿಂಗಳಿಗೇ ಗಬ್ಬವಾಗಬಹುದು. ವರ್ಷಕ್ಕೆ ಎರಡು ಮೂರು ಸಲ ಮರಿ ಹಾಕುತ್ತದೆ. ಅಷ್ಟು ಮರಿಗಳನ್ನು ಯಾರಿಗೆ ಕೊಡುತ್ತೀರಿ? ಐದಾರು ತಿಂಗಳಿಗೆ ಆಪರೇಷನ್ ಮಾಡಿಸಿ. ಗಂಡು ನಾಯಿಗೆ ಮಾಡಿಸಿದರೆ ಹೆಣ್ಣಿನ ಹಿಂದೆ ರಾತ್ರಿಯೆಲ್ಲ ತೋಟ ಸುತ್ತುವುದು ಕಡಿಮೆಯಾಗುತ್ತದೆ, ಚಿರತೆ ಬಾಯಿಗೆ ಬೀಳುವುದೂ ತಪ್ಪುತ್ತದೆ. ಹಗಲೂ ರಾತ್ರಿ ಕಟ್ಟಿಹಾಕುವುದು ಇದಕ್ಕೆ ಪರಿಹಾರವಲ್ಲ. ಕಟ್ಟಿಯೇ ಇಟ್ಟ ನಾಯಿಗೆ ಓಡಾಟ ಕೊಡದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ.

ಕೈಲ್ ಪೊಳ್ದ್, ಹುತ್ತರಿ ಹಬ್ಬದ ದಿನ ಕೋವಿಯ ಸದ್ದಿಗೆ ನಾಯಿ ದಿಕ್ಕೆಟ್ಟು ಓಡಿಹೋಗುತ್ತದೆ. ಗುಂಡು ಹಾರಿಸುವ ಮೊದಲೇ ಒಳಕೋಣೆಗೆ ಹಾಕಿ, ಟಿವಿ ಜೋರು ಮಾಡಿ. ಕೊರಳಪಟ್ಟಿಯ ಮೇಲೆ ಫೋನ್ ನಂಬರ್ ಬರೆದಿರಲಿ. ಬೆಕ್ಕು ಮಂಚದ ಕೆಳಗೆ ಸೇರಿದ್ದರೆ ಸುಮ್ನೆ ಬಿಡಿ.

ಹಂತ 8: ಎರಡೂ ಬೇಕು ಅನ್ನಿಸಿದರೆ

ಜನ ಇರುವ, ಜಾಗ ಇರುವ ತೋಟದ ಮನೆಗೆ ನಾನು ಹೇಳುವುದು ಇದನ್ನೇ. ಒಂದು ಊರ ನಾಯಿ, ಒಂದು ಊರ ಬೆಕ್ಕು. ಮೊದಲು ಬೆಕ್ಕು ಬರಲಿ, ಆಮೇಲೆ ನಾಯಿಮರಿ. ಬೆಳೆದ ಬೆಕ್ಕು ಮರಿಗೆ ಎರಡು ಪೆಟ್ಟು ಕೊಟ್ಟು ದೂರ ನಿಲ್ಲುವುದನ್ನು ಕಲಿಸುತ್ತದೆ. ದೊಡ್ಡ ನಾಯಿ ಇರುವ ಮನೆಗೆ ಬೆಕ್ಕಿನ ಮರಿ ತರುವುದಾದರೆ ಮೊದಲ ವಾರ ಬೇರೆ ಕೋಣೆ. ಒಂದರ ಗೋಣಿಯನ್ನು ಇನ್ನೊಂದಕ್ಕೆ ಮೂಸಲು ಕೊಡಿ. ಆಮೇಲೆ ನಾಯಿಗೆ ಹಗ್ಗ ಹಾಕಿಕೊಂಡು ದೂರದಿಂದ ತೋರಿಸಿ. ನಾಯಿ ನೆಟ್ಟ ಕಣ್ಣಿನಿಂದ ಮೈ ಸೆಟೆಸಿ ನಿಂತರೆ ಇನ್ನೂ ಸಮಯ ಬೇಕು ಅಂತ ಅರ್ಥ. ಬಾಲ ಸಡಿಲ ಬಿಟ್ಟು ಬೇರೆ ಕಡೆ ನೋಡಿದರೆ ಒಂದು ಹೆಜ್ಜೆ ಹತ್ತಿರ ತನ್ನಿ.

ಬೆಕ್ಕಿಗೆ ಹಾರಿ ಕೂರಲು ಎತ್ತರದ ಜಾಗ ಇರಲಿ, ಊಟವೂ ಅಲ್ಲೇ ಇಡಿ. ಟ್ರೇಯನ್ನು ನಾಯಿ ಬಾಯಿ ಹಾಕದ ಕಡೆ ಇಡಿ. ಬೆಕ್ಕಿನ ಮಲ ಎಷ್ಟೋ ನಾಯಿಗಳಿಗೆ ತಿಂಡಿಯಂತೆ, ಹೇಸಿಗೆ ಅನ್ನಿಸಿದರೂ ನಿಜ. ಬಾಗಿಲಿಗೆ ಬೆಕ್ಕು ಮಾತ್ರ ನುಸುಳುವಷ್ಟು ಸಂದು ಬಿಟ್ಟು ಚೈನ್ ಹಾಕಿದರೆ ಸಾಕಾಗುತ್ತದೆ.